ಸೈಕ್ಲೋನ್ ಹತ್ತಿದ ಹಡಗು

ಐಸ್ ಹಾಕಿಯ ಮೊದಲ ಸೂಪರ್‌ಸ್ಟಾರ್‌ಗಳಲ್ಲಿ ಒಬ್ಬ, ಕೆನಡಾದ ಫ್ರೆಡ್ 'ಸೈಕ್ಲೋನ್' ಟೇಲರ್. 1910ರಲ್ಲಿ ರೆನ್‌ಫ್ರೂ ಕ್ಲಬ್ ಆತನಿಗೆ ಕೊಟ್ಟಿದ್ದು ಎಷ್ಟು ಗೊತ್ತಾ? 12 ಪಂದ್ಯಗಳ ಸೀಸನ್‌ಗೆ 5,250 ಡಾಲರ್! 1915ರಲ್ಲಿ ವ್ಯಾಂಕೂವರ್ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗಲೂ ಹೀರೋ ಇವನೇ.

ಆದರೆ ವೀಕ್ಷಕರೇ, ಟೇಲರ್‌ಗೆ ಇನ್ನೊಂದು ನೌಕರಿ ಇತ್ತು. ವಲಸೆ ಇಲಾಖೆಯ ಅಧಿಕಾರಿ! 1914ರ ಮೇನಲ್ಲಿ 376 ಭಾರತೀಯರಿದ್ದ ಕೊಮಗಾಟ ಮಾರು ಹಡಗು ವ್ಯಾಂಕೂವರ್‌ಗೆ ಬಂದಾಗ, ಅದನ್ನು ಮೊದಲು ಹತ್ತಿದ ಕೆನಡಾ ಅಧಿಕಾರಿ ಈತ. ತಾಯ್ನಾಡಿನಿಂದ ನೇರ ಪ್ರಯಾಣ ಮಾಡಿಲ್ಲ ಅನ್ನೋ ನೆಪ ಮುಂದಿಟ್ಟು, ಎರಡು ತಿಂಗಳು ಕಾಯಿಸಿ, ಬಹುತೇಕರನ್ನು ವಾಪಸ್ ಅಟ್ಟಿದರು. ಬಂಗಾಳದ ಬಜ್‌ಬಜ್‌ನಲ್ಲಿ ಬ್ರಿಟಿಷರ ಗುಂಡಿಗೆ ಹಲವರು ಬಲಿಯಾದರು. 2016ರಲ್ಲಿ ಕೆನಡಾ ಪ್ರಧಾನಿ ಟ್ರೂಡೊ ಕ್ಷಮೆ ಕೇಳಿದರು.

ಆ ಕಾನೂನು ಮಾಡಿದ್ದು ಟೇಲರ್ ಅಲ್ಲ, ಒಪ್ಪೋಣ. ಆದರೂ ನಾನು ಹೇಳೋದಿಷ್ಟೇ: ಅವನ ಗೋಲುಗಳನ್ನು ಎಣಿಸುವ ಚರಿತ್ರೆ, ಆ 376 ಜನರನ್ನೂ ಎಣಿಸಬೇಕು.