ದೀಪಸ್ತಂಭ ಸರಿದ ಕಥೆ

ನೆಲ ಗಟ್ಟಿಯೆಂದು ನಂಬಿ ನಾವು ಮನೆ ಕಟ್ಟುತ್ತೇವೆ, ಗಡಿಕಲ್ಲು ನೆಡುತ್ತೇವೆ. ಮೋಜಣಿದಾರರದೂ ಅದೇ ನಂಬಿಕೆ. ಆದರೆ ಅವರ ಲೆಕ್ಕದ ಪುಸ್ತಕಗಳೇ ಈ ನಂಬಿಕೆಗೆ ವಿರುದ್ಧವಾಗಿ ಸಾಕ್ಷಿ ನುಡಿದ ಪ್ರಸಂಗವೊಂದುಂಟು. ನನಗದು ಬಲು ಪ್ರಿಯವಾದದ್ದು.

1850ರ ದಶಕದಲ್ಲಿ ಅಮೆರಿಕದ ಕರಾವಳಿ ಮೋಜಣಿಯವರು ಕ್ಯಾಲಿಫೋರ್ನಿಯದ ಬೆಟ್ಟಗಳ ಮೇಲೆ ಥಿಯೊಡೊಲೈಟ್ ಹೂಡಿ, ಗುರುತಿನಿಂದ ಗುರುತಿಗೆ ತ್ರಿಕೋನಗಳನ್ನು ಹೆಣೆದರು. ಥಿಯೊಡೊಲೈಟ್ ಎಂದರೆ ಕೋನ ಅಳೆಯುವ ದುರ್ಬೀನು. ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲಿಗೆ ಸೆಕೆಂಡ್ ಎಂದು ಹೆಸರು. ಒಂದು ಕಿಲೋಮೀಟರ್ ದೂರದಲ್ಲಿ ಅದು ಬರಿಯ 5 ಮಿಲಿಮೀಟರ್. ಇಷ್ಟೆಲ್ಲ ಸೂಕ್ಷ್ಮ ನಕ್ಷೆಗಾಗಿ. ಭೂಕಂಪದ ಯೋಚನೆ ಯಾರಿಗಿತ್ತು? 1874ರಿಂದ 1892ರ ನಡುವೆ ಹಳೆಯ ಗುರುತುಗಳನ್ನು ಮತ್ತೆ ಅಳೆದರು.

1906ರ ಏಪ್ರಿಲ್ 18ರ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೊ ನಗರ ಕುಸಿದು ಉರಿಯಿತು. ಸುಮಾರು 3000 ಮಂದಿ ಸತ್ತರು. ಸ್ಯಾನ್ ಆಂಡ್ರಿಯಾಸ್ ಎಂಬ ಮಹಾಬಿರುಕಿನ ಎರಡು ಮಗ್ಗುಲುಗಳು ಒಂದೆಡೆ 6 ಮೀಟರಿಗೂ ಮಿಕ್ಕಿ ಜಾರಿದ್ದವು. ಥಿಯೊಡೊಲೈಟ್ ಮೂರನೆಯ ಬಾರಿ ಬೆಟ್ಟವೇರಿತು.

ಮೂರೂ ಅಳತೆಗಳನ್ನು ಮುಂದಿಟ್ಟುಕೊಂಡು ಕುಳಿತವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹ್ಯಾರಿ ರೀಡ್. ಬಿರುಕಿನಿಂದ ಬಹುದೂರ, ಕಡಲ ನಡುವಿನ ಫ್ಯಾರಲಾನ್ ದ್ವೀಪದಲ್ಲಿ ನಿಂತ ದೀಪಸ್ತಂಭವು ಬಿರುಕಿನ ಆಚೆ ಬದಿಯ ದೂರದ ಗುರುತುಗಳಿಗೆ ಹೋಲಿಸಿದರೆ ಅರ್ಧ ಶತಮಾನದಲ್ಲಿ 3.2 ಮೀಟರ್ ಉತ್ತರಕ್ಕೆ ಸರಿದಿತ್ತು. ಅದರಲ್ಲಿ 1.4 ಮೀಟರ್ ಎರಡನೆಯ ಅಳತೆಯ ಹೊತ್ತಿಗೇ! ಅಳತೆಗಳನ್ನು ಲೆಕ್ಕಹಾಕಿದ ಹೇಫರ್ಡ್ ಮತ್ತು ಬಾಲ್ಡ್ವಿನ್ ಈ ಮೊದಲ ಸರಿತವನ್ನು 1868ರ ಭೂಕಂಪದ ತಲೆಗೆ ಕಟ್ಟಿದ್ದರು. ರೀಡ್ ಒಪ್ಪಲಿಲ್ಲ. ನೆಲ ಸದ್ದಿಲ್ಲದೆ ವರ್ಷವರ್ಷವೂ ಬಿದಿರುಗಳುವಿನಂತೆ ಬಾಗುತ್ತದೆ. ಇನ್ನು ತಾಳಲಾರೆನೆಂದು ಬಿರುಕಿನಲ್ಲಿ ಮುರಿದು, ಎರಡು ಕಡೆಯೂ ನೆಟ್ಟಗಾಗುವಾಗಿನ ಅದುರಾಟವೇ ಭೂಕಂಪ ಎಂದು 1910ರಲ್ಲಿ ಬರೆದರು. ಭೂಕಂಪವಾದ್ದರಿಂದ ನೆಲ ಬಿರಿಯಿತು ಎನ್ನುತ್ತಿದ್ದ ಮಾತು ತಲೆಕೆಳಗಾಯಿತು. ಇಂದಿನ ಉಪಗ್ರಹಗಳ ಅಳತೆಯೂ ಆ ನಿಧಾನದ ಚಲನೆಯನ್ನೇ ತೋರಿಸುತ್ತದೆ: ವರ್ಷಕ್ಕೆ ಕೆಲವೇ ಸೆಂಟಿಮೀಟರ್.

ಬಿರುಕಿಗೆ ಅಡ್ಡಲಾಗಿ ಕಂಬಗಳ ಸಾಲು ನೆಟ್ಟು ಆಗಾಗ ಅಳೆಯುತ್ತಿದ್ದರೆ ನೆಲ ಎಷ್ಟು ಬಾಗಿದೆಯೆಂದು ತಿಳಿದೀತು ಎಂಬ ಸಲಹೆಯನ್ನೂ ರೀಡ್ ಕೊಟ್ಟಿದ್ದರು. ಆ ಬಗೆಯ ಕಾವಲು 1980ರ ದಶಕದಲ್ಲಿ ಅದೇ ಬಿರುಕಿನ ಮೇಲಿರುವ ಪಾರ್ಕ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿ ನಡೆಯಿತು, ಕೆಂಪು ಮತ್ತು ನೀಲಿ ಬಣ್ಣದ ಲೇಸರ್ ಕಿರಣಗಳಿಂದ. ಬೆಳಕಿನ ಓಟವನ್ನು ಗಾಳಿ ತುಸು ತಡೆಯುತ್ತದಷ್ಟೆ; ಆ ತಡೆ ಎರಡು ಬಣ್ಣಗಳಿಗೂ ಒಂದೇ ಸಮನಾಗಿರುವುದಿಲ್ಲ. ಆ ವ್ಯತ್ಯಾಸ ಹಿಡಿದು ಗಾಳಿಯ ಮೋಸವನ್ನು ಕಳೆದರೆ, ಕೆಲವು ಕಿಲೋಮೀಟರ್ ದೂರವನ್ನು ಮಿಲಿಮೀಟರಿನ ನಿಖರತೆಯಲ್ಲಿ ಅಳೆಯಬಹುದು. 1993ರೊಳಗೆ ಬರುವುದೆಂದು ಲೆಕ್ಕಹಾಕಿದ್ದ ಭೂಕಂಪ ಬಂದದ್ದು 2004ರ ಸೆಪ್ಟೆಂಬರ್ 28ರಂದು. ಅಷ್ಟೊಂದು ಉಪಕರಣಗಳ ನಡುವೆಯೂ ಸ್ಪಷ್ಟವಾದ ಮುನ್ಸೂಚನೆ ಕೊಡದೆ.