ಸುರಂಗ ರೈಲು: ಅಂಧರಿಗೆ ದಾರಿ ಹೇಳುವ ಮೊಬೈಲ್

ನೆಲದಡಿಯ ರೈಲು ನಿಲ್ದಾಣಗಳಿಗೆ ಉಪಗ್ರಹಗಳ ಜಿಪಿಎಸ್ ಸಂಕೇತ ತಲುಪದು. ಹೀಗಾಗಿ ರಸ್ತೆಯಲ್ಲಿ ಅಂಧರಿಗೆ ದಾರಿ ತೋರುವ ಮೊಬೈಲ್ ಅಲ್ಲಿ ಕೈಕೊಡುತ್ತದೆ. ಇದಕ್ಕೆ ಪರಿಹಾರ ಹುಡುಕಲು 2015ರಲ್ಲಿ ಲಂಡನ್ನಿನ ಪಿಮ್ಲಿಕೊ ನಿಲ್ದಾಣದಲ್ಲಿ 'ವೇಫೈಂಡರ್' ಪ್ರಯೋಗ ನಡೆಯಿತು.

ನಿಲ್ದಾಣದಲ್ಲಿ ಅಳವಡಿಸಿದ ಪುಟ್ಟ ಬ್ಲೂಟೂತ್ ಸಾಧನಗಳ ಸಂಕೇತವನ್ನು ಗ್ರಹಿಸುವ ಮೊಬೈಲ್, ಎಸ್ಕಲೇಟರ್, ಪ್ಲಾಟ್‌ಫಾರಂಗಳತ್ತ ಸಾಗುವ ಬಗೆಯನ್ನು ಧ್ವನಿಯ ಮೂಲಕ ತಿಳಿಸುತ್ತದೆ. ಸುತ್ತಲಿನ ಸದ್ದು ಕೇಳಿಸುವುದೂ ಅಂಧರ ಸುರಕ್ಷತೆಗೆ ಅಗತ್ಯ. ಆದ್ದರಿಂದ ಕಿವಿ ಮುಚ್ಚದೆ, ಮೂಳೆಯ ಕಂಪನದಿಂದ ಧ್ವನಿ ತಲುಪಿಸುವ ಹೆಡ್‌ಫೋನ್‌ಗಳನ್ನು ಬಳಸಲಾಯಿತು.

ಒಂದೊಂದು ನಿಲ್ದಾಣದಲ್ಲಿ ಒಂದೊಂದು ಬಗೆಯ ಸೂಚನೆಯಿದ್ದರೆ ಪ್ರಯಾಣಿಕರಿಗೆ ಗೊಂದಲ ತಪ್ಪದು. ಈ ಹಿನ್ನೆಲೆಯಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2017ರಲ್ಲಿ ಇಂತಹ ಧ್ವನಿಸೂಚನೆಗಳಿಗಾಗಿ 'ಎಫ್.921' ಎಂಬ ಶಿಫಾರಸನ್ನು ಅಂಗೀಕರಿಸಿತು. ಅಪರಿಚಿತ ನಿಲ್ದಾಣದಲ್ಲೂ ಅಂಧರು ಅನ್ಯರ ಕೈಹಿಡಿಯದೆ ರೈಲು ಹತ್ತುವಂತಾಗಲು ಈ ಏಕರೂಪತೆ ಅತ್ಯಗತ್ಯ.