ರಕ್ತರಸದಲ್ಲಿ ಅಪಸ್ಮಾರೌಷಧಗಳ ಪರಿಮಾಣನಿರ್ಣಯ: ಮಲಪ್ರಭಾ ಸೀಮೆಯ ದೃಷ್ಟಿಯಿಂದ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಮಲಪ್ರಭೆಯ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ಜನರು ‘ಫಿಟ್ಸು’ ಎಂದು ಕರೆದು, ಬಿದ್ದವನ ಅಂಗೈಗೆ ಕಬ್ಬಿಣದ ಬೀಗದಕೈಯನ್ನಿತ್ತು ಶಮನಗೊಳಿಸಲೆಳಸುವ ಅಪಸ್ಮಾರಕ್ಕೆ ಅಲ್ಪವ್ಯಯದ ಹಳೆಯ ಔಷಧಗಳೆಂದರೆ ಎರಡು: 1912ರಲ್ಲಿ ಬಳಕೆಗೆ ಬಂದ ಫಿನೋಬಾರ್ಬಿಟಾಲ್ ಹಾಗೂ 1938ರಲ್ಲಿ ಮೆರಿಟ್ ಮತ್ತು ಪಟ್ನಮ್ ಪ್ರಚಾರಕ್ಕೆ ತಂದ ಫೆನಿಟಾಯಿನ್. ಇವೆರಡರ ಬಲದಿಂದಲೇ ಹಳ್ಳಿಗಳಲ್ಲಿ ರೋಗವನ್ನು ಹತೋಟಿಗೆ ತರಬಹುದೆಂಬುದನ್ನು ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ನಡೆಸಿ, 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದೆ.

ಆದರೆ ರಕ್ತದಲ್ಲಿ ಇವನ್ನು ಅಳೆಯುವ ಅಗತ್ಯವು ಎರಡಕ್ಕೂ ಸಮನಾದುದಲ್ಲ. ಫಿನೋಬಾರ್ಬಿಟಾಲಿನ ಅರ್ಧಾಯುಷ್ಯವು ವಯಸ್ಕರಲ್ಲಿ ಮೂರು ನಾಲ್ಕು ದಿನಗಳಷ್ಟಿರುವುದರಿಂದ, ರಕ್ತವನ್ನು ಮುಂಜಾನೆ ತೆಗೆದರೂ ಸಂಜೆ ತೆಗೆದರೂ ಫಲದಲ್ಲಿ ಹೆಚ್ಚಿನ ವ್ಯತ್ಯಾಸ ತೋರದು; ಮಿಲಿಲೀಟರಿಗೆ 15ರಿಂದ 40 ಮೈಕ್ರೊಗ್ರಾಂವರೆಗಿನ ವಿಸ್ತಾರವಾದ ಚಿಕಿತ್ಸಕ ಅಂತರವೂ ಅದಕ್ಕುಂಟು. ಫೆನಿಟಾಯಿನ್ನಾದರೋ, ಅದನ್ನು ಪರಿವರ್ತಿಸುವ ಯಕೃತ್ತಿನ ಕಿಣ್ವಗಳು ಬೇಗನೆ ಸಂತೃಪ್ತವಾಗುವ ಕಾರಣ, ದಿನಕ್ಕೆ 300 ಮಿಲಿಗ್ರಾಂ ಇದ್ದುದನ್ನು 400ಕ್ಕೆ ಏರಿಸಿದೊಡನೆ, 10ರಿಂದ 20 ಮೈಕ್ರೊಗ್ರಾಂಗಳ ಇಕ್ಕಟ್ಟಾದ ಮೇರೆಯನ್ನು ದಾಟಿಬಿಡಬಲ್ಲುದು. ಆಗ ಕಣ್ಣುಗುಡ್ಡೆ ಅದುರಿ, ನಡಿಗೆ ತಡವರಿಸುವ ರೋಗಿಯು ಊರವರ ಬಾಯಲ್ಲಿ ಕುಡುಕನೆಂಬ ಅಪವಾದಕ್ಕೂ ಗುರಿಯಾಗುವನು. ಒಂದನ್ನೇ ಅಳೆಯಲು ಅನುಕೂಲವಿದ್ದ ಪಕ್ಷದಲ್ಲಿ ಅಳೆಯತಕ್ಕುದು ಫೆನಿಟಾಯಿನ್ನನ್ನೇ ಎಂಬುದು ಈ ಲೇಖಕನ ಮತ.

ಜೇಮ್ಸ್ ಮತ್ತು ಮಾರ್ಟಿನ್ ಎಂಬವರು 1952ರಲ್ಲಿ ಪ್ರಕಟಿಸಿದ ಅನಿಲ-ದ್ರವ ಕ್ರೊಮಟೊಗ್ರಫಿಯು ಈ ಕಾರ್ಯಕ್ಕೆ ಬಹುಕಾಲ ಒದಗಿತು. ರಕ್ತರಸವನ್ನು ಆಮ್ಲೀಯಗೊಳಿಸಿ ದ್ರಾವಕದಿಂದ ಔಷಧವನ್ನು ಸೆಳೆಯುವ ಮೊದಲು, ಫೆನಿಟಾಯಿನ್ನಿನ ಸಹೋದರನೆನ್ನಬಹುದಾದ, ಒಂದು ಮೀಥೈಲ್ ಗುಂಪಷ್ಟೇ ಅಧಿಕವಾಗಿರುವ ಹೈಡಾಂಟೊಯಿನ್ನನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸುವರು. ಸೆಳೆಯುವಾಗ ಒಂದು ನಷ್ಟವಾದಷ್ಟೇ ಇನ್ನೊಂದೂ ನಷ್ಟವಾಗುವುದರಿಂದ ಅನುಪಾತವು ಕೆಡದು. ಈ ಔಷಧಗಳ ಸಾರಜನಕಕ್ಕೆ ಅಂಟಿದ ಹೈಡ್ರೊಜನ್ನುಗಳು ಯಂತ್ರದೊಳಗಿನ ಸ್ತಂಭದ ಮೈಗೆ ತಗುಲಿ, ಲೇಖದಲ್ಲಿ ಮೂಡುವ ಶೃಂಗಗಳಿಗೆ ಬಾಲ ಬೆಳೆಸುವುದರಿಂದ, ಟ್ರೈಮೀಥೈಲ್ ಅನಿಲಿನಿಯಂ ಹೈಡ್ರಾಕ್ಸೈಡಿನೊಡನೆ ಬಿಸಿಯಾದ ಪ್ರವೇಶದ್ವಾರಕ್ಕೆ ಚುಚ್ಚಿ, ಅಲ್ಲಿಯೇ ಮೀಥೈಲೀಕರಿಸುವುದು ವಾಡಿಕೆ. ಇಲ್ಲಿಯೇ ತೊಡಕು: ಕ್ಷಾರವು ಪ್ರಬಲವಾದಲ್ಲಿ ಫಿನೋಬಾರ್ಬಿಟಾಲಿನ ಒಂದಂಶ ಒಡೆದು, ಒಂದರ ಬದಲು ಎರಡು ಶೃಂಗಗಳು ಮೂಡುವುವು. ಇತರ ಅಪಸ್ಮಾರೌಷಧಗಳಲ್ಲಿ ಕಾರ್ಬಮಜೆಪೈನ್ ಕಾವಿನಿಂದಲೇ ಇಮಿನೊಸ್ಟಿಲ್ಬೀನ್ ಆಗಿ ಸಿಡಿಯುವುದು. ವಾಲ್ಪ್ರೋಯಿಕ್ ಆಮ್ಲಕ್ಕೆ ಮೀಥೈಲೀಕರಣ ಬೇಡವಾದರೂ, ದ್ರಾವಕವನ್ನಾರಿಸಹೋದರೆ ತಾನೂ ಹಾರಿಹೋಗುವುದು.

ಇಂದು ಆಸ್ಪತ್ರೆಗಳಲ್ಲಿ ಪ್ರತಿಕಾಯಾಧಾರಿತ ಪರೀಕ್ಷೆಗಳೇ ರೂಢಿಯಾಗಿ, ಈ ಕ್ರೊಮಟೊಗ್ರಫಿ ಯಂತ್ರವು ಹೆಚ್ಚಾಗಿ ವಿಷಪರೀಕ್ಷೆಯ ಪ್ರಯೋಗಶಾಲೆಗಳಲ್ಲಿ ನಿಂತಿದೆ. ರಾಮದುರ್ಗವು ಬೆಳಗಾವಿ ಜಿಲ್ಲೆಯ ಪೂರ್ವದಂಚಿನಲ್ಲಿದ್ದು, ಕಿತ್ತೂರಿನವರಿಗೆ ಬೆಳಗಾವಿಗಿಂತ ಧಾರವಾಡವೇ ಸಮೀಪ. ಹೀಗೆ ಪರೀಕ್ಷೆಗೆ ದೂರ ಹೋಗಬೇಕಾದುದರಿಂದ ರೋಗಿಗಿಂತ ರಕ್ತವೇ ಪ್ರಯಾಣ ಮಾಡುವುದು ಲೇಸು. ಬೇರ್ಪಡಿಸಿದ ರಕ್ತರಸದಲ್ಲಿ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎರಡೂ ದಿನಗಟ್ಟಲೆ ಕೆಡವು; ಜೆಲ್ ತುಂಬಿದ ನಳಿಕೆಗಳು ಮಾತ್ರ ಔಷಧವನ್ನು ಹೀರಿ ಅಂಕಿಯನ್ನು ತಗ್ಗಿಸುವುದರಿಂದ ಅವು ತ್ಯಾಜ್ಯ. ಫೆನಿಟಾಯಿನ್ನಿನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಆಲ್ಬುಮಿನ್ನಿಗೆ ಬದ್ಧವಾಗಿ, ಬಿಡುಗಡೆಯಾಗಿರುವ ಒಂದು ಪಾಲಷ್ಟೇ ಮಿದುಳನ್ನು ಮುಟ್ಟುವುದಾದುದರಿಂದ, ಕೃಶರಾದವರಲ್ಲಿ ಒಟ್ಟು ಪ್ರಮಾಣವು ಮೋಸಗೊಳಿಸುವುದು. ಲಾಲಾರಸದ ಪ್ರಮಾಣವು ಆ ಮುಕ್ತಭಾಗಕ್ಕೆ ಸಮೀಪವಾಗಿದ್ದು, ಸೂಜಿಯಿಲ್ಲದೆ ದೊರೆಯುವುದಾದರೂ, ಗುಳಿಗೆಯ ಕಣ ಬಾಯಲ್ಲುಳಿದಲ್ಲಿ ಫಲ ವಿಪರೀತವಾಗುವುದರಿಂದ, ಅದನ್ನು ಬೆಳಗಿನ ಗುಳಿಗೆಗೆ ಮುನ್ನವೇ, ಬಾಯಿ ಮುಕ್ಕಳಿಸಿದ ಬಳಿಕ ಸಂಗ್ರಹಿಸತಕ್ಕುದು.